ಲಾವಂಚದ ಕಂಪಿನ ಹಗುರ ಎಣ್ಣೆ

ಏಪ್ರಿಲ್ ಬಿಸಿಲಲ್ಲಿ ಕೊಬ್ಬರಿ ಎಣ್ಣೆ ಮುಖದ ಮೇಲೆ ಜಿಡ್ಡಾಗಿ ಕೂರುತ್ತದೆ. ದ್ರಾಕ್ಷಿ ಬೀಜದ ಎಣ್ಣೆ ಹಾಗಲ್ಲ, ಬಲು ತೆಳು. ಸ್ವಲ್ಪ ಹೊತ್ತಿಗೆ ಹಚ್ಚಿದ್ದೇ ಮರೆತುಹೋಗುತ್ತದೆ. ಅದರಲ್ಲಿ ಲಿನೋಲಿಕ್ ಆಮ್ಲ ಹೆಚ್ಚು, ಹಾಗಾಗಿ ಬೇಗ ಕಮಟು ವಾಸನೆಯೂ ಬರುತ್ತದೆ. ಜೊತೆಗೆ ಜೊಜೋಬಾ ಬೇಕು. ಎಣ್ಣೆಯೆಂದು ಮಾರುವ ಈ ಜೊಜೋಬಾ ನಿಜಕ್ಕೂ ದ್ರವರೂಪದ ಮೇಣ, ಸುಲಭಕ್ಕೆ ಕೆಡದು.

ನನಗೆ ತೀರಾ ಇಷ್ಟವಾದ ಕೆಲಸ ಲಾವಂಚದ್ದು. ಬೇರನ್ನು ಮಣ್ಣು ಹೋಗುವಂತೆ ತೊಳೆದು, ಚೂರೂ ಪಸೆ ಉಳಿಯದಂತೆ ಒಣಗಿಸಿ, ಸಣ್ಣಗೆ ಕತ್ತರಿಸಿ 15 ಮಿ.ಲೀ. ಜೊಜೋಬಾದಲ್ಲಿ ಎರಡು ವಾರ ನೆನೆಹಾಕಬೇಕು. ಪಸೆ ಉಳಿದರೆ ಬೂಸ್ಟು ಹಿಡಿಯುತ್ತದೆ. ಮುಚ್ಚಳ ತೆಗೆದಾಗ ಮೊದಲ ಮಳೆಗೆ ನೆನೆದ ಮಣ್ಣಿನಂಥ ಕಂಪು! ತೆಳು ಬಟ್ಟೆಯಲ್ಲಿ ಸೋಸಿ ಹಿಂಡಿ, 20 ಮಿ.ಲೀ. ದ್ರಾಕ್ಷಿ ಬೀಜದ ಎಣ್ಣೆ ಬೆರೆಸಿ, ಕಂದು ಗಾಜಿನ ಸೀಸೆಗೆ ತುಂಬಿಸಿ ತಂಪಾದ ಕಡೆ ಇಡಿ. ಒಂದೆರಡು ತಿಂಗಳಲ್ಲಿ ಖಾಲಿಯಾಗುವಷ್ಟೇ ಮಾಡಿಕೊಳ್ಳಿ.

ಪರಿಮಳಕ್ಕೆಂದು ನಿಂಬೆ ಸಿಪ್ಪೆಯ ಎಣ್ಣೆ ಸೇರಿಸುವುದು ಬೇಡವೇ ಬೇಡ. ಬಿಸಿಲು ಬಿದ್ದರೆ ಚರ್ಮ ಸುಟ್ಟು ಕಪ್ಪಾದೀತು. ಮೊದಲು ಮೊಣಕೈ ಒಳಬದಿಗೆ ಹಚ್ಚಿ ಒಂದು ದಿನ ನೋಡಿ. ಆಮೇಲೆ ರಾತ್ರಿ ಮುಖ ತೊಳೆದು, ತೇವ ಆರುವ ಮುಂಚೆ ಎರಡೇ ಹನಿಯನ್ನು ಅಂಗೈಯಲ್ಲಿ ತಿಕ್ಕಿ ಮೆಲ್ಲಗೆ ಒತ್ತಿ.