ಪುಟ್ಟ ಹೂದಾನಿ ಗೆದ್ದ ಮೇಲೆ

1969, ನ್ಯೂಯಾರ್ಕ್. ಜಾರ್ಜಿಯೊ ಡಿ ಸಾಂಟ್ ಏಂಜೆಲೊ ಅವರ ಫ್ಯಾಷನ್ ಷೋನಲ್ಲಿ ರೂಪದರ್ಶಿಯೊಬ್ಬಳ ಕೊರಳಲ್ಲಿ ಹೆಬ್ಬೆರಳುದ್ದದ ಬೆಳ್ಳಿ ಹೂದಾನಿ ತೂಗುತ್ತಿತ್ತು. ಒಳಗೆ ನಿಜವಾದ ಹೂವು. ಮಾಡಿಸಿದವರು ಎಲ್ಸಾ ಪೆರೆಟ್ಟಿ, ಇಟಲಿಯ ಸಿರಿವಂತರ ಮನೆ ತೊರೆದು ಮಾಡೆಲಿಂಗ್‌ನಿಂದ ಹೊಟ್ಟೆ ಹೊರೆಯುತ್ತಿದ್ದವರು. ಸ್ಪೇನಿನ ಅಕ್ಕಸಾಲಿಗರೊಬ್ಬರು ಅದನ್ನು ಕೈಯಾರೆ ತಯಾರಿಸಿದ್ದರು. ಆ ಪುಟ್ಟ ಹೂದಾನಿ ಗೆದ್ದಿತು.

ಇಂಥ ಗೆಲುವು ಇವತ್ತಿಗೂ ಹೇಳದೆ ಕೇಳದೆ ಬರುತ್ತದೆ. ನಟಿಯೊಬ್ಬರು ಹೊಸಬರ ಜುಮುಕಿ ತೊಟ್ಟು ಪ್ರಶಸ್ತಿ ಸಮಾರಂಭಕ್ಕೆ ಹೋಗುತ್ತಾರೆ, ಇನ್‌ಸ್ಟಾಗ್ರಾಂನಲ್ಲಿ ಹೆಸರು ಟ್ಯಾಗ್ ಆಗುತ್ತದೆ, ಎರಡು ದಿನ ಫೋನಿಗೆ ಬಿಡುವಿಲ್ಲ. ತೊಡಕು ಶುರುವಾಗುವುದು ಮೂರನೆಯ ದಿನ. ಬಹಳ ಮಂದಿ ಇನ್ನಷ್ಟು ತಾರೆಯರ ಸ್ಟೈಲಿಸ್ಟ್‌ಗಳಿಗೆ ಒಡವೆ ಕಳಿಸಿ ಕಾಯುತ್ತ ಕೂರುತ್ತಾರೆ. ಆಸ್ಕರ್ ಸಂಜೆಗೆಂದು ನಟಿ ಜೆನಿಫರ್ ಜೋನ್ಸ್‌ಗೆ ವಜ್ರ ಎರವಲು ಕೊಟ್ಟ ವಜ್ರದ ವ್ಯಾಪಾರಿ ಹ್ಯಾರಿ ವಿನ್‌ಸ್ಟನ್‌ಗೆ ಅದು ಸರಿ, ಅವರ ತಿಜೋರಿ ತುಂಬಿತ್ತು. ಇರುವ ನಾಲ್ಕು ಒಡವೆಯನ್ನೂ ಊರಿಗೆ ಹಂಚಿದವರು ಕೊಳ್ಳಲು ಬಂದವರಿಗೆ ಫೋಟೊ ತೋರಿಸಬೇಕಷ್ಟೆ.

ಪೆರೆಟ್ಟಿ ಅವಸರಪಡಲಿಲ್ಲ. ವಸ್ತ್ರವಿನ್ಯಾಸಕ ಹಾಲ್ಸ್ಟನ್ ಅವರ ಉಡುಪುಗಳಿಗೆ ಒಡವೆ ಮಾಡಿದರು. 1971ರಲ್ಲಿ ಫ್ಯಾಷನ್ ಲೋಕದ 'ಕೋಟಿ' ಪ್ರಶಸ್ತಿ ಬಂತು, ಮರುವರ್ಷ ಬ್ಲೂಮಿಂಗ್‌ಡೇಲ್ಸ್ ಮಳಿಗೆಯಲ್ಲಿ ಅವರದೇ ಒಂದು ಮೂಲೆ. 1974ರಲ್ಲಿ, ಹಾಲ್ಸ್ಟನ್ ಮಾಡಿಸಿದ ಪರಿಚಯದಿಂದ, ಒಡವೆ ಮಳಿಗೆ ಟಿಫಾನಿ. ಬೆಳ್ಳಿಯ ಒಡವೆಯನ್ನು ವರ್ಷಗಟ್ಟಲೆ ಮರೆತಿದ್ದ ಆ ಅಂಗಡಿಗೆ ಬೆಳ್ಳಿಯನ್ನೇ ಹಿಡಿದು ಹೋದರು. ವಜ್ರವನ್ನೂ ಬಿಡಲಿಲ್ಲ: ತೆಳು ಸರಪಳಿಯಲ್ಲಿ ಅಲ್ಲೊಂದು ಇಲ್ಲೊಂದು ಹರಳು ಕೂರಿಸಿ, ಬಟ್ಟೆಯಂತೆ ಗಜದ ಲೆಕ್ಕದ ಹೆಸರಿಟ್ಟರು. ಸಂಬಳದ ಹೆಣ್ಣುಮಗಳು ತನ್ನ ದುಡ್ಡಿನಲ್ಲೇ ಕೊಳ್ಳಬಹುದಾದ ಟಿಫಾನಿ ಒಡವೆ ಅದು.

ಪ್ರಚಾರದ ಮಟ್ಟಿಗೆ ಅವರ ನಿಜವಾದ ಬಂಡವಾಳ ಕತೆ. ಮಣಿಕಟ್ಟಿನ ಮೂಳೆಗೆ ಅಂಟಿಕೊಂಡಂತೆ ಕೂರುವ ಅವರ 'ಬೋನ್ ಕಫ್' ಕಡಗವನ್ನೇ ನೋಡಿ. ಬಾಲ್ಯದಲ್ಲಿ ರೋಮ್‌ನ ಕಪುಚಿನ್ ಚರ್ಚಿನ ನೆಲಮಾಳಿಗೆಯಲ್ಲಿ ಪೇರಿಸಿಟ್ಟ ಸನ್ಯಾಸಿಗಳ ಮೂಳೆಗಳನ್ನು ಕದ್ದು ಚೀಲಕ್ಕೆ ಹಾಕಿಕೊಂಡು ಬರುತ್ತಿದ್ದರಂತೆ. ತಾಯಿ ಮತ್ತೆ ಮತ್ತೆ ವಾಪಸು ಕಳಿಸುತ್ತಿದ್ದರಂತೆ. ಇದನ್ನು ಕೇಳಿದ ಯಾವ ವರದಿಗಾರ ಬರೆಯದೆ ಬಿಟ್ಟಾನು! ತೊಟ್ಟ ತಾರೆ ಹಳಬಳಾದರೂ ಒಡವೆಗೇ ಅಂಟಿದ ಕತೆ ಹಳತಾಗುವುದಿಲ್ಲ. ಸೀಸನ್ನಿಗೊಂದು ಸಂಗ್ರಹ ಹೊರಡಿಸುವ ಗೋಜಿಗೂ ಪೆರೆಟ್ಟಿ ಹೋಗಲಿಲ್ಲ. ಮೂಳೆ, ಹುರುಳಿಕಾಯಿ ಬೀಜ, ನಡು ತೆರೆದ ಹೃದಯ, ಅದೇ ಹೂದಾನಿ: ಈ ಕೆಲವೇ ಆಕಾರಗಳನ್ನು ದಶಕಗಟ್ಟಲೆ ತಿದ್ದಿದರು. ದೂರದಿಂದಲೇ ಗುರುತು ಹಿಡಿಯಬಹುದಾದ ಒಡವೆಗೆ ಬೇರೆ ಜಾಹೀರಾತು ಯಾಕೆ?

ಹೆಸರಿನ ವಿಚಾರದಲ್ಲಿ ಮಾತ್ರ ಗೆಳೆಯನ ದಾರಿ ಬೇರೆ. ಹಾಲ್ಸ್ಟನ್ 1973ರಲ್ಲಿ ಕಂಪನಿಯ ಜೊತೆಗೇ ತಮ್ಮ ಹೆಸರನ್ನೂ ಮಾರಿದರು. ಮುಂದಿನ ದಶಕದಲ್ಲಿ ತಮ್ಮದೇ ಹೆಸರಿನಡಿ ಬಟ್ಟೆ ವಿನ್ಯಾಸ ಮಾಡುವ ಅಧಿಕಾರ ಅವರಿಗೆ ಉಳಿಯಲಿಲ್ಲ. ಪೆರೆಟ್ಟಿ ಟಿಫಾನಿಗೆ ಬರೆದುಕೊಟ್ಟದ್ದು ಗುತ್ತಿಗೆ, ಕ್ರಯಪತ್ರವಲ್ಲ. 2012ರಲ್ಲಿ ಆ ಗುತ್ತಿಗೆಯನ್ನು 20 ವರ್ಷಕ್ಕೆ ಮುಂದುವರಿಸಲು ಟಿಫಾನಿ ಒಂದೇ ಕಂತಿನಲ್ಲಿ 4.73 ಕೋಟಿ ಡಾಲರ್ ತೆತ್ತಿತು. ಆಗ ಕಂಪನಿಯ ಮಾರಾಟದಲ್ಲಿ ಸುಮಾರು ಶೇ 10ರಷ್ಟು ಅವರ ಒಡವೆಗಳದ್ದೇ ಇತ್ತು.