ನಾಲ್ಕು ಕೋಟೆಗಳ ಸುತ್ತುದಾರಿ

ಕಾವ್ಯವನ್ನೂ ಚಿತ್ರವನ್ನೂ ವಿಮರ್ಶೆಗೆ ಒಡ್ಡುವವರು ದಾರಿಯನ್ನು ಆ ದೃಷ್ಟಿಯಿಂದ ನೋಡುವುದು ಅಪೂರ್ವ. ದಾರಿ ತಾನಾಗಿ ಉಂಟಾದದ್ದು, ಅದಕ್ಕೆ ಕರ್ತೃವಿಲ್ಲ ಎಂಬ ಎಣಿಕೆಯೇ ಇದಕ್ಕೆ ಕಾರಣವಿದ್ದೀತು. ಸಂತೆಗೆ ಹೋಗುವ ಗಾಡಿಜಾಡಿನ ಮಟ್ಟಿಗೆ ಈ ಎಣಿಕೆ ಸರಿಯೆ. ಆದರೆ ಹೊರಟ ಸ್ಥಳಕ್ಕೇ ನಡೆಯುವವನನ್ನು ತಂದು ಬಿಡುವ ಸುತ್ತುದಾರಿಯ ಮಾತು ಬೇರೆ: ಎಲ್ಲಿಗೂ ಹೋಗಬೇಕಾದ ಜರೂರಿಲ್ಲದವರಿಗಾಗಿ, ಯಾವುದನ್ನು ಮೊದಲು ಕಾಣಿಸಬೇಕು, ಯಾವುದನ್ನು ಕೊನೆಗೆ ಉಳಿಸಬೇಕು ಎಂದು ಯೋಚಿಸಿ ಯಾರೋ ಹೆಣೆದದ್ದು ಅದು, ಆದುದರಿಂದ ಒಂದು ಕೃತಿಗೆ ಹಾಕಬಹುದಾದ ಪ್ರಶ್ನೆಗಳನ್ನು ಅದಕ್ಕೂ ಹಾಕುವುದು ಅನುಚಿತವಾಗಲಾರದು. ಜರ್ಮನಿಯ ಪ್ಯಾಲಟಿನೇಟ್ ಅರಣ್ಯವೂ ಫ್ರಾನ್ಸಿನ ಉತ್ತರ ವೋಜ್ ಬೆಟ್ಟಗಳೂ ಒಂದನ್ನೊಂದು ಸೇರುವ ಗಡಿಯಲ್ಲಿ ವೇಗೆಲ್ನ್‌ಬುರ್ಗ್, ಹೋಹೆನ್‌ಬುರ್ಗ್, ಲ್ಯೋವೆನ್‌ಸ್ಟೈನ್, ಫ್ಲೆಕೆನ್‌ಸ್ಟೈನ್ ಎಂಬ ನಾಲ್ಕು ಪಾಳುಕೋಟೆಗಳನ್ನು ಅರ್ಧ ದಿನದ ನಡಿಗೆಯಲ್ಲಿ ಪೋಣಿಸುವ ದಾರಿಯೊಂದಿದೆ. ಅದರ ಗುಣದೋಷಗಳನ್ನು ಇಲ್ಲಿ ವಿಚಾರಿಸಬೇಕೆಂದಿದ್ದೇನೆ.

ಮೊದಲು ಸಾಮಗ್ರಿಯ ಮಾತು. ಈ ಸೀಮೆಯ ಬೆಟ್ಟಗಳ ನೆತ್ತಿಯಲ್ಲಿ, ಸುಮಾರು 25 ಕೋಟಿ ವರ್ಷಗಳ ಹಿಂದೆ ಶೇಖರವಾದ ಕೆಂಪು ಮರಳುಗಲ್ಲಿನ ಪದರಗಳು, ಮೆದುವಾದ ಭಾಗ ಸವೆದು ಗಟ್ಟಿಯಾದ ಭಾಗ ಉಳಿದು, ಕಾಡಿನ ಮರಗಳ ಮೇಲಕ್ಕೆ ಕಡಿದಾಗಿ ಎದ್ದು ನಿಂತಿವೆ. ಮಧ್ಯಯುಗದ ಸರದಾರರು ಈ ಬಂಡೆಗಳ ಮೇಲೆ ಕೋಟೆ ಕಟ್ಟಿದರು ಎನ್ನುವುದಕ್ಕಿಂತ ಬಂಡೆಗಳೊಳಗೆ ಕೋಟೆ ಕೊರೆದರು ಎನ್ನುವುದೇ ಮೇಲು. ನಮ್ಮ ಚಿತ್ರದುರ್ಗದಲ್ಲಿಯೂ ಹೆಬ್ಬಂಡೆಗಳು ದುರ್ಗದ ಅಂಗಗಳೇ ಆಗಿವೆ. ಆದರೆ ಅಲ್ಲಿಯ ಕಲ್ಲು ಉಳಿಗೆ ಅಷ್ಟು ಸುಲಭವಾಗಿ ಮಣಿಯತಕ್ಕದ್ದಲ್ಲವಾದ ಕಾರಣ ಬಂಡೆಗೂ ಬಂಡೆಗೂ ನಡುವಣ ಸಂದುಗಳಲ್ಲಿ ಗೋಡೆ ಎಬ್ಬಿಸಿದ್ದಾರೆ. ಇಲ್ಲಿಯಾದರೋ ಮೆಟ್ಟಿಲು, ಕೋಣೆ, ನೀರಿನ ತೊಟ್ಟಿ, ಎಲ್ಲಕ್ಕೂ ಬಂಡೆಯ ಒಡಲೇ ಆಶ್ರಯ. ಮರದ ಮಾಳಿಗೆಗಳು ಎಂದೋ ಹೋದವು. ತೊಲೆಗಳ ತುದಿ ಕೂರಿಸಲೆಂದು ಬಂಡೆಯಲ್ಲಿ ತೋಡಿದ ಚೌಕನೆಯ ಕುಳಿಗಳು ಮಾತ್ರ ಸಾಲಾಗಿ ಉಳಿದಿವೆ. ಒಂದು ಸಾಲಿನಿಂದ ಮೇಲಿನ ಸಾಲಿಗೆ ಕಣ್ಣಳತೆಯಲ್ಲಿಯೇ ಅಂತರವನ್ನು ಲೆಕ್ಕ ಹಾಕಿ, ಇಲ್ಲೊಂದು ಅಂತಸ್ತು, ಅದರ ಮೇಲೆ ಇನ್ನೊಂದು ಎಂದು ಇಲ್ಲದ ಮನೆಯನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳಬಹುದು. ಉಳಿಯ ಏಟಿನ ಓರೆಗೆರೆಗಳು ಮಳೆ ಬೀಳದ ಮೂಲೆಗಳಲ್ಲಿ ಇನ್ನೂ ಕೈಗೆ ತಗಲುತ್ತವೆ. ಮಳೆ ಬೀಳುವ ಕಡೆಗಳಲ್ಲಿ ಅದೇ ಕಲ್ಲು ಬೆರಳಿಗೆ ಮರಳಾಗಿ ಉದುರುತ್ತದೆ.

ದಾರಿಯನ್ನು ಎಲ್ಲಿಂದ ಆರಂಭಿಸಬೇಕೆಂಬುದು ಈ ವಿಮರ್ಶೆಯ ಮುಖ್ಯ ಪ್ರಶ್ನೆ. ವರ್ತುಲಕ್ಕೆ ಆದಿಯಿಲ್ಲವೆಂದು ರೇಖಾಗಣಿತ ಹೇಳೀತು, ನಡೆಯುವ ಕಾಲು ಒಪ್ಪದು. ಕಾರಿನಲ್ಲಿ ಬರುವವರಿಗೆ ಫ್ಲೆಕೆನ್‌ಸ್ಟೈನಿನ ಬುಡದಿಂದ ಹೊರಡುವುದೇ ಅನುಕೂಲ. ನನ್ನ ಅಭಿಪ್ರಾಯದಲ್ಲಿ ಇದರಿಂದ ಕೃತಿಯ ಸ್ವಾರಸ್ಯವೇ ಕೆಡುತ್ತದೆ. ಫ್ಲೆಕೆನ್‌ಸ್ಟೈನ್ ನಾಲ್ಕರಲ್ಲಿ ಅತ್ಯಂತ ಸಮಗ್ರವಾಗಿ ಉಳಿದದ್ದು, ದುರಸ್ತಿಯಾದದ್ದು. ಅದನ್ನು ಮೊದಲೇ ಕಂಡವನಿಗೆ ಉಳಿದ ಮೂರೂ ಅದರ ಮುರುಕು ಪ್ರತಿಗಳಂತೆ ತೋರುತ್ತವೆ. ಜರ್ಮನಿಯ ಬದಿಯ ನೋಟ್‌ವೈಲರ್ ಗ್ರಾಮದಿಂದ ಹೊರಟವನಾದರೋ ಊಹೆಯಿಂದ ನಿಶ್ಚಯದ ಕಡೆಗೆ ನಡೆಯುತ್ತಾನೆ. ಮೇಲಿನ ಮೂರು ಕೋಟೆಗಳಲ್ಲಿ ಅವನು ಕೇಳಿಕೊಂಡ ಪ್ರಶ್ನೆಗಳಿಗೆಲ್ಲ, ಈ ಕುಳಿ ಏತಕ್ಕೆ, ಈ ಮೆಟ್ಟಿಲು ಎಲ್ಲಿಗೆ ಹೋಗುತ್ತಿತ್ತು, ನೀರು ಎಲ್ಲಿಂದ ಬರುತ್ತಿತ್ತು ಎಂಬವಕ್ಕೆಲ್ಲ, ಕೊನೆಯ ಕೋಟೆ ಒಂದೊಂದಾಗಿ ಉತ್ತರ ಕೊಡುತ್ತದೆ.

ನೋಟ್‌ವೈಲರ್ ಕಣಿವೆಯೊಳಗಣ ಪುಟ್ಟ ಊರು. ಮರದ ಚೌಕಟ್ಟಿನ ನಡುವೆ ಮಣ್ಣು ಮೆತ್ತಿ ಸುಣ್ಣ ಬಳಿದ ಹಳೆಯ ಮನೆಗಳು. ಇಲ್ಲಿ ಕಬ್ಬಿಣದ ಅದಿರು ತೆಗೆಯುತ್ತಿದ್ದರು; 1883ರಲ್ಲಿ ಗಣಿಗಾರಿಕೆ ನಿಂತಿತು, ಈಗ ಅದರ ಒಂದು ಸುರಂಗವನ್ನು ಪ್ರೇಕ್ಷಕರಿಗೆ ತೋರಿಸುತ್ತಾರೆ. ಊರಿನಿಂದ ಬೀಚ್ ಮತ್ತು ಪೈನ್ ಮರಗಳ ನಡುವೆ ಬಿಡುವಿಲ್ಲದ ಏರು. ಈ ಕಾಡನ್ನು ಆದಿಮ ಅರಣ್ಯವೆಂದು ಭ್ರಮಿಸತಕ್ಕದ್ದಿಲ್ಲ. ಇದ್ದಿಲಿಗೂ ಸೌದೆಗೂ ಶತಮಾನಗಟ್ಟಲೆ ಕಡಿದು, ಮತ್ತೆ ನೆಟ್ಟು ಬೆಳೆಸಿದ ಕಾಡು ಇದು. ಗಡಿಯ ಎರಡು ಬದಿಯ ಅರಣ್ಯವನ್ನೂ ಒಟ್ಟಾಗಿ ಯುನೆಸ್ಕೋ 1998ರಲ್ಲಿ ಒಂದೇ ಜೀವಗೋಲ ಮೀಸಲು ಪ್ರದೇಶವೆಂದು ಮಾನ್ಯಮಾಡಿತು.

ಏರಿನ ತುದಿಯಲ್ಲಿ, 572 ಮೀಟರ್ ಎತ್ತರದಲ್ಲಿ, ವೇಗೆಲ್ನ್‌ಬುರ್ಗ್. ಪ್ಯಾಲಟಿನೇಟ್ ಸೀಮೆಯ ಕೋಟೆಗಳಲ್ಲೆಲ್ಲ ಇದೇ ಅತ್ಯುನ್ನತವಾದದ್ದು. ನೋಟ ಭವ್ಯವಾಗಿದೆ, ಕಟ್ಟಡ ಸಾಧಾರಣ. ಅಲ್ಲಿಂದ ಬೆಟ್ಟದ ಏಣಿನ ಮೇಲೆಯೇ ಅನತಿದೂರ ಸಾಗುವಷ್ಟರಲ್ಲಿ ಫ್ರಾನ್ಸ್ ದೇಶ ಬಂದುಬಿಟ್ಟಿರುತ್ತದೆ. ಪಾಚಿ ಹಿಡಿದ ಗಡಿಕಲ್ಲುಗಳ ಹೊರತು ಅದನ್ನು ಸಾರುವವರು ಯಾರೂ ಇಲ್ಲ. ಈ ಗೆರೆಯ ಚರಿತ್ರೆ ಮಾತ್ರ ಇಷ್ಟು ಸೌಮ್ಯವಾದುದಲ್ಲ: 1871ರಲ್ಲಿ ಫ್ರಾನ್ಸಿನ ಬದಿಯ ಆಲ್ಸೇಸ್ ಪ್ರಾಂತ ಜರ್ಮನಿಗೆ ಸೇರಿದಾಗ ಗೆರೆ ಅಳಿಸಿಹೋಯಿತು, ಮೊದಲ ಮಹಾಯುದ್ಧದ ತರುವಾಯ ಮತ್ತೆ ಮೂಡಿತು, 1939ರ ಸೆಪ್ಟೆಂಬರಿನಲ್ಲಿ ಎರಡು ಬದಿಯ ಗಡಿಗ್ರಾಮಗಳ ಜನರನ್ನೂ ಮನೆಮಠ ಬಿಡಿಸಿ ದೂರದ ಪ್ರಾಂತಗಳಿಗೆ ಸಾಗಿಸಲಾಯಿತು. ಕಾವಲಿನ ತಪಾಸಣೆ ಷೆಂಗೆನ್ ಒಪ್ಪಂದದ ಫಲವಾಗಿ 1995ರಲ್ಲಿ ನಿಂತಿತು. ನಡೆಯುವವನು ಯಾರ ಅಪ್ಪಣೆಯನ್ನೂ ಬೇಡದೆ ಈ ಸುತ್ತನ್ನು ಪೂರೈಸಬಲ್ಲನೆಂಬುದು ಇತ್ತೀಚಿನ ಭಾಗ್ಯ.

ಹೋಹೆನ್‌ಬುರ್ಗ್ ಕೋಟೆಗೆ ಕಥೆಗಳ ದಾರಿದ್ರ್ಯವಿಲ್ಲ. ಇದನ್ನು ಆಳಿದ ಪುಲ್ಲರ್ ಮನೆತನದ ಒಬ್ಬಾತ ಪ್ರೇಮಗೀತೆಗಳನ್ನು ರಚಿಸಿದ ಕವಿ. ಮಧ್ಯಯುಗದ ಜರ್ಮನ್ ಗೀತೆಗಳ ಮಹಾಸಂಕಲನವಾದ ಮಾನೆಸ್ಸೆ ಹಸ್ತಪ್ರತಿಯಲ್ಲಿ ಅವನಿಗೆ ಸ್ಥಾನವುಂಟು. ಅದೇ ಮನೆತನದ ರಿಚರ್ಡ್ ಪುಲ್ಲರನನ್ನು, ಪುರುಷರೊಡನೆ ಪ್ರಣಯವೆಂಬ ಆರೋಪದ ಮೇಲೆ, 1482ರಲ್ಲಿ ಜ್ಯೂರಿಕ್ ನಗರದಲ್ಲಿ ಜೀವಂತ ಸುಟ್ಟರು. ಕೋಟೆ ಆಮೇಲೆ ಸಿಕ್ಕಿಂಗೆನ್ ಮನೆತನಕ್ಕೆ ಬಂತು. ಅದರ ವೀರನಾದ ಫ್ರಾಂಟ್ಸ್ ಫಾನ್ ಸಿಕ್ಕಿಂಗೆನ್ 1523ರಲ್ಲಿ, ಬೇರೊಂದು ಕೋಟೆಯಲ್ಲಿ ಫಿರಂಗಿಯ ಹೊಡೆತಕ್ಕೆ ಸಿಕ್ಕಿ ಮಡಿದುದು, ಇಂಥ ಬಂಡೆಗೂಡುಗಳ ಕಾಲ ಮುಗಿಯಿತೆಂಬುದರ ಸೂಚನೆಯೂ ಆಗಿತ್ತು. ಪಾಳಿನ ನಡುವೆ ಕೆತ್ತನೆಗೆಲಸದ ಬಾಗಿಲುವಾಡ ಈಗಲೂ ಉಳಿದಿದೆ.

ಅಲ್ಲಿಂದ ಮುಂದಿನ ಲ್ಯೋವೆನ್‌ಸ್ಟೈನನ್ನು ಅನೇಕರು ದಾಟಿಕೊಂಡು ಹೋಗಿಬಿಡುತ್ತಾರೆ. ದರೋಡೆಕೋರ ಸರದಾರರ ಬೀಡೆಂದು 14ನೆಯ ಶತಮಾನದ ಉತ್ತರಾರ್ಧದಲ್ಲಿಯೇ ಕೆಡವಲ್ಪಟ್ಟು, ಮರಳಿ ಏಳದ ಕೋಟೆ. ಎರಡು ಬಂಡೆಗಳು, ಕೆಲವು ಕೊರೆದ ಗುರುತುಗಳು, ಇಷ್ಟೆ. ಆದರೆ ಈ ಇಡೀ ದಾರಿಯಲ್ಲಿ ಎಲ್ಲಿ ಹೆಚ್ಚು ಹೊತ್ತು ನಿಲ್ಲಬೇಕೆಂದು ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ. ಮನುಷ್ಯನ ಕೆಲಸ ಎಲ್ಲಿ ಮುಗಿಯಿತು, ಗಾಳಿಮಳೆಗಳ ಕೆಲಸ ಎಲ್ಲಿ ಮೊದಲಾಯಿತು ಎಂಬುದನ್ನು ಇಲ್ಲಿ ಬೇರ್ಪಡಿಸಿ ಹೇಳುವುದು ದುಸ್ಸಾಧ್ಯ. ಇನ್ನುಳಿದವುಗಳಲ್ಲಿ ಯಾರಾದರೊಬ್ಬರು ಅದನ್ನು ನಮಗಾಗಿ ಬೇರ್ಪಡಿಸಿ ಗಾರೆ ಮೆತ್ತಿಟ್ಟಿದ್ದಾರೆ.

ಇಳಿದು ಗಿಂಬೆಲ್‌ಹೋಫ್ ಎಂಬ ಹೋಟೆಲಿನ ಮುಂದೆ ಹಾದು ಫ್ಲೆಕೆನ್‌ಸ್ಟೈನನ್ನು ಸೇರಬೇಕು. ಹನ್ನೆರಡನೆಯ ಶತಮಾನದಿಂದ ಒಂದೇ ಮನೆತನದ ಕೈಯಲ್ಲಿದ್ದು, ಹದಿನಾಲ್ಕನೆಯ ಲೂಯಿಯ ಸೈನ್ಯದಿಂದ 1680ರಲ್ಲಿ ಧ್ವಂಸವಾದ ಈ ಕೋಟೆ ಹಡಗಿನಂಥ ಒಂದು ನೀಳಬಂಡೆಯನ್ನು ಆಕ್ರಮಿಸಿದೆ. ಬಂಡೆಯೊಳಗಿನ ಮೆಟ್ಟಿಲುಗಳನ್ನು ಹತ್ತುವಾಗ ಒಂದೊಂದು ಮೆಟ್ಟಿಲಿನ ನಡುಭಾಗವೂ ತಗ್ಗಿರುವುದು ಪಾದಕ್ಕೆ ತಿಳಿಯುತ್ತದೆ. ಅದು ಅದ್ಭುತವೇ ಸರಿ. ಆದರೂ ಟಿಕೆಟ್ಟು, ಫಲಕಗಳು, ಮಕ್ಕಳ ಆಟಗಳು ಇವೆಲ್ಲ ಸೇರಿ, ನೋಡುವವನು ತಾನಾಗಿ ಕಂಡುಕೊಳ್ಳಬೇಕಾದುದನ್ನು ಅವನ ಬಾಯಿಗೇ ತುತ್ತಿಡುತ್ತವೆ. ಕೊನೆಗೆ ಬಂದವನಿಗೆ ಇದರ ಬಾಧೆ ಕಡಮೆ. ಅವನ ಊಹೆಗಳು ಆಗಲೇ ಪಕ್ವವಾಗಿರುತ್ತವೆ.

ದಾರಿಯ ನಿಜವಾದ ದೋಷವಿರುವುದು ಇನ್ನು ಮುಂದೆ. ಇಲ್ಲಿಂದ ಲಿಚ್‌ಹೋಫ್ ಎಂಬ ಸ್ಥಳದ ಕಡೆಗೆ ಏರಿ ನೋಟ್‌ವೈಲರಿಗೆ ಮರಳುವ ಭಾಗದಲ್ಲಿ ಹೆಣೆದವರ ಉತ್ಸಾಹ ಬತ್ತಿಹೋಗಿದೆ. ಅಗಲವಾದ ಅರಣ್ಯದ ರಸ್ತೆ, ಒಂದೇ ತೆರನಾದ ಮರಗಳು. ಸುತ್ತನ್ನು ಹೇಗಾದರೂ ಮುಚ್ಚಬೇಕಲ್ಲ ಎಂಬ ಕಾರಣಕ್ಕೆ ಸೇರಿಸಿದ ಅಧ್ಯಾಯ. ಕೋಟೆಗಳ ಹೆಸರಿನಿಂದಲೇ ಕರೆಯಲ್ಪಡುವ ಈ ದಾರಿಗೆ ಹಳ್ಳಿಯೆಂದರೆ ಚಪ್ಪಲಿ ಬಿಡುವ ಜಗಲಿ ಮಾತ್ರ. ಅದಿರು ಅಗೆದವರೂ, ಯುದ್ಧಕ್ಕಾಗಿ ಊರು ಬಿಟ್ಟು ಮರಳಿ ಬಂದವರೂ ಬಾಳಿದ ಬೀದಿಗಳು ಸರದಾರರ ಮುರಿದ ಗೋಡೆಗಳಿಗಿಂತ ಕಡಮೆ ಪುರಾತನವೇನೂ ಅಲ್ಲ. ಸುತ್ತು ಅವುಗಳ ನಡುವೆ ಇನ್ನಷ್ಟು ಸಾವಕಾಶವಾಗಿ ಮುಗಿಯಬೇಕಾಗಿತ್ತು.

ಗುರುತುಗಳ ವಿಷಯದಲ್ಲಿ ಮಾತ್ರ ಆಕ್ಷೇಪಣೆಗೆ ಆಸ್ಪದವಿಲ್ಲ. ಫ್ರಾನ್ಸಿನ ಬದಿಯಲ್ಲಿ 1872ರಲ್ಲಿ ಸ್ಥಾಪಿತವಾದ ಕ್ಲಬ್ ವೋಜಿಯನ್, ಜರ್ಮನಿಯ ಬದಿಯಲ್ಲಿ 1902ರಲ್ಲಿ ಹುಟ್ಟಿದ ಪ್ಯಾಲಟಿನೇಟ್ ಅರಣ್ಯಸಂಘ, ಇವೆರಡರ ಸ್ವಯಂಸೇವಕರು ತಲೆಮಾರುಗಳಿಂದ ಮರಗಳ ಮೇಲೆ ಬಣ್ಣದ ಚಿಹ್ನೆಗಳನ್ನು ಬಳಿಯುತ್ತ ಬಂದಿದ್ದಾರೆ; ಕ್ಲಬ್ ವೋಜಿಯನ್ನಿನ ಪದ್ಧತಿಯಲ್ಲಿ ಸುತ್ತುದಾರಿಗೆ ಉಂಗುರವೇ ಗುರುತು.

ಹೋಗಬಯಸುವವರು ನೋಟ್‌ವೈಲರಿನಿಂದ ಬೆಳಗ್ಗೆಯೇ ಹೊರಡುವುದು ಲೇಸು. ಮೇಲಿನ ಮೂರು ಕೋಟೆಗಳಿಗೆ ಬಾಗಿಲೂ ಇಲ್ಲ, ಶುಲ್ಕವೂ ಇಲ್ಲ. ಫ್ಲೆಕೆನ್‌ಸ್ಟೈನಿಗೆ ಎರಡೂ ಉಂಟಾದುದರಿಂದ, ಅದು ತೆರೆದಿರುವ ವೇಳೆಯನ್ನು, ವಿಶೇಷವಾಗಿ ಚಳಿಗಾಲದಲ್ಲಿ, ಮುಂಚಿತವಾಗಿ ವಿಚಾರಿಸಿಕೊಳ್ಳತಕ್ಕದ್ದು.