ಏಜೆಂಟರಿಲ್ಲದ ಗಳಗನಾಥರು

"ಸರ್, ಸ್ಪರ್ಧೆಗೆ ಯಾವ ಕತಿ ಕಳಸ್ಲಿ? ಕನ್ನಡದಾಗ ಏಜೆಂಟರು ಯಾರರ ಅದಾರೇನ್ರಿ?" ಎಂದು ಬ್ಯಾಡಗಿಯ ಹುಡುಗನೊಬ್ಬ ಕೇಳಿದ. ರಾಣೆಬೆನ್ನೂರಿನ ಬಸ್ಸಿನಲ್ಲಿ ಅವನ ಎರಡೂ ಕತೆ ಓದಿದೆ.

ಮೊದಲನೆಯದರಲ್ಲಿ ಮೆಣಸಿನಕಾಯಿ ಪೇಟೆ ಬರೀ ಕೆಂಪು ಬಣ್ಣ. ಕೊನೆಗೊಂದು ಅಚ್ಚುಕಟ್ಟಾದ ತಿರುವು. ಎರಡನೆಯದರಲ್ಲಿ ತೊಟ್ಟು ಮುರಿಯುವ ಹೆಂಗಸಿನ ಉರಿಯುವ ಬೆರಳಿದೆ, ಕೂಲಿಯ ಲೆಕ್ಕವಿದೆ. ಮುಕ್ತಾಯ ಮಾತ್ರ ಒರಟು. ಸ್ಪರ್ಧೆಗೆ ಮೊದಲನೆಯದು ಒಗ್ಗೀತು. ನನ್ನಲ್ಲಿ ಉಳಿದದ್ದು ಎರಡನೆಯದು.

ಕನ್ನಡದಲ್ಲಿ ಏಜೆಂಟರ ಪದ್ಧತಿ ಬೆಳೆದೇ ಇಲ್ಲ. ಇದೇ ಹಾವೇರಿ ಸೀಮೆಯ ಗಳಗನಾಥರು (1869–1942) ತಮ್ಮ ಪುಸ್ತಕಗಳನ್ನು ತಾವೇ ಹೊತ್ತು, ಊರೂರು ತಿರುಗಿ ಮಾರಿದರು. ತೀರ್ಪುಗಾರರನ್ನಲ್ಲ, ಓದುಗರನ್ನು ಹುಡುಕಿದರು.

"ಎರಡನೇದ್ದನ್ನ ಕಳಸಪಾ. ಅದಕ್ಕೂ ಮೊದಲ ಆ ಹೆಣ್ಮಕ್ಕಳಿಗೆ ಓದಿ ಹೇಳು" ಎಂದೆ.